ಕೈಯಾಗಿತ್ತು

ಸಿಂಧನೂರಿನ ಕೋರ್ಟಿನಲ್ಲಿ ಹನ್ನೊಂದು ವರ್ಷದಿಂದ
ಬೇರೆಯವರ ಮಾತು ಟೈಪು ಮಾಡುತ್ತೇನೆ.
ಅಳು ಬಂದರೆ ಬಿಡುತ್ತೇನೆ, ಕೆಮ್ಮು ಬಂದರೆ ಬಿಡುತ್ತೇನೆ,
'ಯವ್ವಾ' ಅಂದದ್ದು ಎಂದೂ ಕಾಗದಕ್ಕೆ ಬರುವುದಿಲ್ಲ.

ಗೊರೇಬಾಳದ ಹುಸೇನಪ್ಪ, ಕಾಲುವೆ ಬಂದಾದಾಗ
ಐವತ್ನಾಲ್ಕರಲ್ಲಿ ಹೂಳು ತೆಗೆಯುತ್ತಿದ್ದ.
ಸಲಿಕೆಗೆ ಸಿಕ್ಕಿದ್ದು ಕಲ್ಲಲ್ಲ.
ಗೊಬ್ಬರದ ಚೀಲ, ಅದರೊಳಗೆ ಪ್ಲಾಸ್ಟಿಕ್ಕು, ಅದರೊಳಗೆ
ಎಣ್ಣೆ ಆರದ ನಾಡಪಿಸ್ತೂಲು.
ಟವೆಲ್ಲಿನಲ್ಲಿ ಸುತ್ತಿಕೊಂಡು ಠಾಣೆಗೆ ಹೊರಟನಂತೆ.
ಹಿಡಿದದ್ದು ಪಿಡಬ್ಲ್ಯೂಡಿ ಕ್ಯಾಂಪಿನ ಚಾದಂಗಡಿಯಲ್ಲಿ,
ಅರ್ಧ ಕಪ್ಪು ಇನ್ನೂ ಉಳಿದಿತ್ತು.
ಈಗ ಅರಗಿನ ಮುದ್ರೆಯ ಬಟ್ಟೆಗಂಟಿನಲ್ಲಿ
ಅದು ಮುದ್ದೆಮಾಲು ಒಂದು. ಟವೆಲ್ಲು ಎರಡು.

'ಠಾಣೆಗೆ ಹೊರಟವನು ಚಹಾಕ್ಕೆ ಯಾಕೆ ಕೂತೆ?'
'ಪೊಲೀಸರ ಮುಂದ ನಿಂದ್ರಾಕ ಧೈರ್ಯ ಬೇಕಲ್ರಿ ಯವ್ವಾ,
ಅದಕ್ಕ ಕುಡದೆ.'
ಎಪಿಪಿ ಕೂಡ ನಕ್ಕರು. ನಗು ನಾನು ಟೈಪು ಮಾಡಲಿಲ್ಲ.

ಹನ್ನೆರಡು ಮಂದಿ ಕೂತು ತೂಗುವ ಪದ್ಧತಿ
ನಮ್ಮಲ್ಲಿ ಹೋಗಿ ಎಷ್ಟೋ ಕಾಲವಾಯಿತಂತೆ.
ಮೇಡಂ ಒಬ್ಬರೇ. ತಮಗೆ ತಾವೇ ಅನ್ನುವಂತೆ ಹೇಳುತ್ತಿದ್ದರು:
ಮುಟ್ಟಿದ್ದೆಲ್ಲ ಇಟ್ಟುಕೊಂಡಂತಲ್ಲ.
ಏನೆಂದು ಗೊತ್ತಿತ್ತೆ, ಗೊತ್ತಾದ ಮೇಲೆ ಎಷ್ಟು ಹೊತ್ತು,
ಆ ಹೊತ್ತಿನಲ್ಲಿ ಮುಖ ಯಾವ ಕಡೆಗಿತ್ತು.
ಕಲಬುರಗಿಯಿಂದ ಬಂದ ವರದಿಯ ತಾತ್ಪರ್ಯ ಒಂದೇ: ಸಿಡಿಯಬಲ್ಲದು.
ಮುಖದ ಬಗ್ಗೆ ಅದರಲ್ಲಿ ಏನೂ ಇಲ್ಲ.
ಆ ರಸ್ತೆಯಲ್ಲಿ ಠಾಣೆಯೂ ಅದೇ ದಿಕ್ಕಿಗೆ,
ಅವನ ಅತ್ತೆಮನೆಯೂ ಅದೇ ದಿಕ್ಕಿಗೆ.

ರಾತ್ರಿ ಅನ್ನಕ್ಕಿಟ್ಟು ಕುಕ್ಕರಿನ ಮುಂದೆ ನಿಂತಾಗ ಹೊಳೆಯಿತು.
ಅವನು ಅಂದದ್ದು 'ಕೈಯಾಗಿತ್ರಿ'.
ನಾನು ಹೊಡೆದದ್ದು 'ನನ್ನ ವಶದಲ್ಲಿತ್ತು'.
ಯಾರೂ ಹೇಳಿಸಿದ್ದಲ್ಲ. ಬೆರಳಿನ ರೂಢಿ.
ಓದಿ ಹೇಳಿದಾಗ ತಲೆ ಆಡಿಸಿ ಹೆಬ್ಬೆಟ್ಟು ಒತ್ತಿದ್ದ,
ಮಸಿ ಹತ್ತದ ಬಿರುಕುಗಳು
ಬಿಳಿ ಗೆರೆಗಳಾಗಿ ಉಳಿದಿದ್ದವು.

ಮೂರು ಸೀಟಿಯಾಯಿತು. ಇಳಿಸಲಿಲ್ಲ.
ಎದುರುಮನೆ ಕೂಸನ್ನು ಎಷ್ಟು ಸಲ ಎತ್ತಿಕೊಂಡಿದ್ದೇನೆ,
ಅತ್ತ ಕೂಡಲೇ ತಿರುಗಿ ಕೊಟ್ಟಿದ್ದೇನೆ.
ಅದು ಬರೀ ಕೈಯಾಗಿತ್ತು.
ಅದನ್ನು ವಶ ಅಂತ ಯಾರಾದರೂ ಬರೆದರೆ?

ಬೆಳಿಗ್ಗೆ ಚೇಂಬರಿನ ಬಾಗಿಲು ತಟ್ಟಿದೆ.
ಮೇಡಂ ತೀರ್ಪಿನ ಕರಡು ತಿದ್ದುತ್ತಿದ್ದರು,
ಪೆನ್ನು ಎತ್ತದೆಯೇ 'ಏನಮ್ಮ?' ಅಂದರು.
ಹನ್ನೊಂದು ವರ್ಷದಲ್ಲಿ ನನ್ನದೇ ಮಾತು
ಆ ಕಟ್ಟಡದಲ್ಲಿ ಎಲ್ಲೂ ದಾಖಲಾಗಿರಲಿಲ್ಲ.
ಮೊದಲು ಕೆಮ್ಮು ಬಂತು.