ಇಬ್ಬರೂ ಒಬ್ಬರೇ

ತಪ್ಪು ನನ್ನದು. ಮೊದಲೇ ಹೇಳಿಬಿಡುತ್ತೇನೆ.
ಜಿಲ್ಲಾ ಕ್ರೀಡಾಕೂಟ ಮುಗಿದ ಸಂಜೆ,
ಶಾಮಿಯಾನದವರು ಕಂಬ ಕೀಳುತ್ತಿದ್ದರು,
ನೂರ ನಲವತ್ತು ಸರ್ಟಿಫಿಕೇಟು, ಬರೆಯುವ ಕೈ ಒಂದು.
ಗಾದಿಲಿಂಗಪ್ಪ, ಮಾರೆಪ್ಪ, ತಿಪ್ಪೇರುದ್ರಪ್ಪ ಆದಮೇಲೆ
ಅದೇ ಓಘದಲ್ಲಿ ಬರೆದೆ: ಹೊನ್ನೂರಪ್ಪ.
ನೂರು ಮೀಟರ್ ಹರ್ಡಲ್ಸ್. ಪ್ರಥಮ.
‘ಕುಮಾರಿ’ಯ ಮೇಲೆ ಗೀಟು ಎಳೆದದ್ದೂ ಅದೇ ಪೆನ್ನು.

ಅವಳು ನೋಡಲಿಲ್ಲ.
ಮೆಡಲನ್ನು ಹಲ್ಲಲ್ಲಿ ಕಚ್ಚಿ ನೋಡುವುದರಲ್ಲಿದ್ದಳು.

ಕೌಲ್ ಬಜಾರಿನ ನಮ್ಮ ಶಾಲೆಗೆ ಮೈದಾನವೆಂದರೆ
ನೀರಿನ ಟ್ಯಾಂಕಿಗೂ ಹಿಂದಿನ ಗೋಡೆಗೂ ನಡುವೆ ಉಳಿದದ್ದು.
ಹರ್ಡಲ್ಸ್ ಎಲ್ಲಿಂದ ತರಲಿ?
ಅವಳವ್ವ ಮಾಬುನ್ನಿ ಜೀನ್ಸ್ ಯೂನಿಟ್ಟಿನಲ್ಲಿ ದಾರ ಕತ್ತರಿಸುವಾಕೆ;
ಬಟ್ಟೆ ಸುತ್ತಿ ಬಂದ ರಟ್ಟಿನ ಕೊಳವೆಗಳನ್ನು
ತಲೆಮೇಲೆ ಹೊತ್ತು ತಂದಳು, ಸೌದೆ ತಂದಂತೆ.
ಎಣ್ಣೆ ಡಬ್ಬಿಯ ಮೇಲೆ ಡಬ್ಬಿ, ಅದರ ಮೇಲೆ ಕೊಳವೆ.
ಹದಿಮೂರು ಮೀಟರಿಗೆ ಮೊದಲನೆಯದು, ಆಮೇಲೆ ಎಂಟೂವರೆಗೊಂದು,
ಆರು ಇಡುವಷ್ಟರಲ್ಲಿ ಗೋಡೆ.
ಉಳಿದ ನಾಲ್ಕನ್ನು ತಿರುಗಿ ನಿಂತು ದಾಟುತ್ತಿದ್ದಳು,
ಕೋಟೆಗುಡ್ಡದ ಬಂಡೆ ಕಾಯುವ ಮುನ್ನ, ದಿನಾ.
ಕೊಳವೆಯ ನೀಲಿ ಮೊಣಕಾಲಿಗೆ ಹತ್ತುತ್ತಿತ್ತು.
ತಗುಲಿದ್ದಕ್ಕೆ ಬಣ್ಣವೇ ಸಾಕ್ಷಿ,
ಇಲ್ಲ ಸರ್ ಅನ್ನುವಂತಿಲ್ಲ.

ಕಾಲೇಜಿನ ಆಯ್ಕೆಯ ದಿನ
ಟೇಬಲ್ಲಿನ ಹಿಂದಿದ್ದವರು ಕಾಲು ನೋಡಲಿಲ್ಲ,
ಕಾಗದ ನೋಡಿದರು.
“ಇದು ಹುಡುಗನದಲ್ಲವಾ? ಎಲ್ಲಿ ಅವನು?”
ಫೀಸು ಮಾಫಿ, ಹಾಸ್ಟೆಲ್ಲು, ದಿನಕ್ಕೆರಡು ಮೊಟ್ಟೆ
ಎಲ್ಲ ಅವನಿಗೇ,
ನನ್ನ ಪೆನ್ನಿನಲ್ಲಿ ಹುಟ್ಟಿದವನಿಗೆ.
ಪಕ್ಕದಲ್ಲೇ ನಿಂತಿದ್ದೆ. ಅಕ್ಷರದ ಗುರುತು ಸಿಗದವನಂತೆ
ಕನ್ನಡಕ ತೆಗೆದು ಒರೆಸಿದೆ.

ಕೋರ್ಟಿನ ಎದುರಿನ ಬೇವಿನ ಕೆಳಗೆ
ಟೈಪಿಸ್ಟ್ ಜಿಲಾನಿ ಒಂದೊಂದೇ ಬೆರಳಲ್ಲಿ ಕುಟ್ಟಿದ:
ಹೊನ್ನೂರಪ್ಪ ಹಾಗೂ ಹೊನ್ನೂರಮ್ಮ
ಎಂಬ ಎರಡೂ ಹೆಸರಿನ ವ್ಯಕ್ತಿ ನಾನೊಬ್ಬಳೇ ಎಂದು
ಈ ಮೂಲಕ ಪ್ರಮಾಣ ಮಾಡುತ್ತೇನೆ.
ಅವಳಿಗೆ ನಗು. “ಸರ್, ಇವನು ನನಗಿಂತ ಜೋರು ಓಡ್ತಾನೇನು?”
ಬಾಂಡ್ ಪೇಪರಿಗೆ ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ
ಮಾಬುನ್ನಿ ಟಿಫನ್ ಡಬ್ಬಿಯಿಂದ ನೋಟು ತೆಗೆದಿದ್ದಳು,
ಅಂಟಿದ್ದ ನೀಲಿ ದಾರ ಊದಿ.
“ಯಾರು ಬರ್ದಾರೋ ಏನೋ, ಬಿಡ್ರಿ ಸರ್,
ಪಾಪ, ಕೈ ಸೋತಿರಬೇಕು.”

ಮಧ್ಯಾಹ್ನ ಮೂರಕ್ಕೆ ಓಡಿಸಿದರು.
ನಿಜವಾದ ಹರ್ಡಲ್ಸ್, ಕೊಳವೆಯ ಹಾಗೆ ಉರುಳಿ ಕೊಡುವಂಥದ್ದಲ್ಲ,
ತಗುಲಿದರೆ ತಿರುಗಿ ಹೊಡೆಯುವ ಹಲಗೆ.
ಆರು ದಾಟಿದಳು, ನಮ್ಮ ಆರು.
ಏಳನೆಯದರ ಮುಂದೆ ಗೋಡೆ ಕಂಡಿತೋ ಏನೋ,
ಒಂದು ಹೆಜ್ಜೆ ತಡವಾಯಿತು,
ಹಲಗೆ ಸದ್ದು ಮಾಡಿತು, ಅವಳು ಬೀಳಲಿಲ್ಲ.
ಎಂಟು. ಒಂಬತ್ತು.
ನಾನು ಉಸಿರು ಬಿಟ್ಟದ್ದು ಹತ್ತಾದ ಮೇಲೆ.

ಹದಿನೈದು ದಿನಕ್ಕೆ ಬೋರ್ಡಿನ ಮೇಲೆ ಪಟ್ಟಿ,
ಕೊನೆಯ ಸಾಲಿನಲ್ಲಿ:
ಹೊನ್ನೂರಮ್ಮ ಉರುಫ್ ಹೊನ್ನೂರಪ್ಪ.
ಬೆರಳಿಟ್ಟು ಎರಡು ಸಲ ಓದಿದಳು.
ಈಗಲಾದರೂ ಹೇಳಬೇಕೆಂದು ನಾನು ಬಾಯಿ ತೆರೆದೆ.
“ಸರ್,” ಎಂದಳು ಅವಳೇ ಮೊದಲು,
“ಅವನ ಹೆಸರಿಗೆ ಬೇರೆ ಎರಡು ಮೊಟ್ಟೆ ಕೇಳ್ಲಾ?”