ಗಂಟೆ ನನ್ನ ಕೈಲಿತ್ತು

ವೇಲ್ಸ್‌ನಿಂದ ಇಬ್ಬರು ಬಂದಿದ್ದರು,
ಹತ್ತೊಂಬತ್ತು ದಿನಕ್ಕೆ ಏಳು ವಿಶ್ವವಿದ್ಯಾಲಯ.
ಶಿವಮೊಗ್ಗ ಐದನೆಯದು.
ಗೆಥಿನನ ಹೊಟ್ಟೆ ಧಾರವಾಡದಲ್ಲೇ ಕೆಟ್ಟಿತ್ತು.
ನೆರಿಸ್ ಮಾತ್ರ ಮಂಡಕ್ಕಿ ಪೊಟ್ಟಣ ಹಿಡಿದೇ
ವೇದಿಕೆ ಹತ್ತಿದಳು.

ವಿಷಯ: ದೊಡ್ಡ ಅಣೆಕಟ್ಟುಗಳಿಂದ ಲಾಭವೇ ಹೆಚ್ಚು.
ಪ್ರಿನ್ಸಿಪಾಲರು ಐದು ರೂಪಾಯಿ ಚಿಮ್ಮಿದರು.
ಅತಿಥಿಗಳಿಗೆ ಪರ, ನಮ್ಮ ತಬಸ್ಸುಮ್‌ಗೆ ವಿರೋಧ,
ನನಗೆ ಗಂಟೆ.
ಆರನೇ ನಿಮಿಷಕ್ಕೆ ಒಂದು, ಏಳಕ್ಕೆ ಎರಡು,
ಪರವೂ ಅಲ್ಲದ ವಿರೋಧವೂ ಅಲ್ಲದ
ಹಿತ್ತಾಳೆ.

ಎಂಥ ಮಾತು ಅವಳದು!
ಸಂಜೆ ಯಾರೋ ಮನೆಮನೆಗೂ ಹೋಗಿ
ಸ್ವಿಚ್ ಒತ್ತುತ್ತ ಬಂದ ಹಾಗೆ:
ಹೆರಿಗೆ ವಾರ್ಡು, ಹಾಸ್ಟೆಲ್ಲಿನ ಮೇಜು, ಗದ್ದೆಯ ಪಂಪು.
ಮುಳುಗಿದ ಒಂದು ಊರಿಗೆ
ಬೆಳಗಿದ ಸಾವಿರ ಊರು, ಎನ್ನುವಷ್ಟರಲ್ಲಿ
ಕರೆಂಟು ಹೋಯಿತು.

ಸಭೆ ಗೊಳ್ಳೆಂದಿತು.
ಫ್ಯಾನು ಇನ್ನೂ ತಿರುಗಿ ತಿರುಗಿ ನಿಲ್ಲುತ್ತಿತ್ತು,
ಅವಳು ಕತ್ತಲಲ್ಲೇ ಅಂದಳು:
ಎದುರಾಳಿಗಳು ಕರೆಂಟಾಫೀಸನ್ನೇ ಕೊಂಡುಕೊಂಡಿದ್ದಾರೆ.
ಶಿಳ್ಳೆ. ಅಲ್ಲಿಗೇ ಗೆದ್ದಾಗಿತ್ತು.

ನಾನು ನಗಲಿಲ್ಲ. ನಕ್ಕೆನೇನೋ.
ನಮ್ಮಜ್ಜಿ ವಯಸ್ಸಿನ ಲೆಕ್ಕ ಹಾಕುವುದು ಹೀಗೆ:
ದೊಡ್ಡಪ್ಪ ಮುಳುಗಡೆಗೆ ಎರಡು ವರ್ಷ ಮುಂಚೆ,
ಅಪ್ಪ ಲಾರಿ ಇಳಿದ ಮೇಲೆ, ಆಯನೂರಿನ ಕಡೆ, ಚಪ್ಪರದಲ್ಲಿ.
ಏಳು ನಿಮಿಷ ದಾಟಿತ್ತು. ಎರಡು ಬಾರಿಸಬೇಕಿತ್ತು,
ಮೂರು ಬಾರಿಸಿದೆ.

ಮೂರು ಯಾಕೆ? ಕೇಳಿದಳು,
ತುಂಗೆಯ ಹಳೇ ಸೇತುವೆ ಮೇಲೆ.
ಹೇಳಿದೆ, ಒಡಕು ಇಂಗ್ಲಿಷಿನಲ್ಲಿ, ಎಲ್ಲ ಕ್ರಿಯಾಪದ ತಪ್ಪಾಗಿ:
ಅಜ್ಜಿ ಪಾತ್ರೆ ಬಿಟ್ಟು ಹೊಸಿಲನ್ನು ಕೀಳಿಸಿ
ಲಾರಿಗೆ ಹಾಕಿಸಿದ್ದು,
ಬಾಗಿಲು ಸಿಗದ ಆ ಹೊಸಿಲು ಇವತ್ತಿಗೂ
ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ.

ಅವಳು ತುಂಬ ಹೊತ್ತು ಮಂಡಕ್ಕಿ ತಿಂದಳು.
ಆಮೇಲೆ: ನಮ್ಮದೂ ಒಂದು ಕಣಿವೆ ಹೋಯಿತು.
ಇಂಗ್ಲೆಂಡಿನ ಪಟ್ಟಣವೊಂದಕ್ಕೆ ನಲ್ಲಿನೀರು ಬೇಕಿತ್ತು.
ಅಜ್ಜನ ಶಾಲೆ, ಇಗರ್ಜಿ, ಅಂಚೆಪೆಟ್ಟಿಗೆ.
ಮತ್ತೆ ಹಾಗೆ ಮಾತಾಡಿದೆಯಲ್ಲ?
ನಾಣ್ಯ ಹಾಗೆ ಬಿತ್ತು, ಅಂದಳು.

ನೀರಿಗೆ ನಿಮ್ಮಲ್ಲಿ ಏನಂತಾರೆ?
ಡೂರ್.
ದೂರ ಅಂದ ಹಾಗೂ ಕೇಳಿಸಿತು, ದೂರು ಅಂದ ಹಾಗೂ.
ಎರಡಕ್ಕೂ ಅರ್ಥ ಬಿಡಿಸಿ ಹೇಳಿದೆ.
ಥಟ್ಟನೆ ಪುಸ್ತಕ ತೆಗೆದು ಬರೆದುಕೊಂಡಳು:
ನಾಡಿದ್ದು ಮಂಗಳೂರಿನಲ್ಲೂ ಇದೇ ವಿಷಯ,
ವಿರೋಧ ಬಂದರೆ ಬಳಸಬಹುದು.

ಬಳಸಿಕೋ, ಅಂದೆ.
ಹೊಸಿಲನ್ನು ಮಾತ್ರ ಬಿಡು.