ಸ್ವಾಧೀನ

ಮಧ್ಯಾಹ್ನದವರೆಗೂ ನಾನು ಸ್ವಾಧೀನವನ್ನೇ ಟೈಪು ಮಾಡುತ್ತಿದ್ದೆ:
ಎರಡು ಎಕರೆ ಆರು ಗುಂಟೆ,
ಪೂರ್ವಕ್ಕೆ ಮುನಿಶಾಮಪ್ಪನ ಹಿಪ್ಪುನೇರಳೆ, ಪಶ್ಚಿಮಕ್ಕೆ ಕಾಲುದಾರಿ,
ವಾದಿಯು ಸದರಿ ಸ್ವತ್ತಿನ ಶಾಂತಿಯುತ ಸ್ವಾಧೀನಾನುಭವದಲ್ಲಿ
ಇರುತ್ತಾರೆ.
ಶಿಡ್ಲಘಟ್ಟದ ಕೋರ್ಟಿನಲ್ಲಿ ಹದಿನೇಳು ವರ್ಷ;
ಕರೆಂಟು ಹೋದರೂ ಬೆರಳಿಗೆ ಈ ವಾಕ್ಯ ಬರುತ್ತದೆ.

ಎರಡೂ ಮುಕ್ಕಾಲಿಗೆ ಅಶ್ವತ್ಥಮ್ಮನ ಕೇಸು.
ದಫೇದಾರ ಮೂರು ಸಲ ಕೂಗಿದ.
ಅವಳು ಅವನೆದುರೇ ನಿಂತಿದ್ದಳು.

ನಾನು ಮೊದಲು ನೋಡಿದ್ದು ಕೈ.
ಕುದಿನೀರಿನ ಬೋಗುಣಿಯಲ್ಲಿ ಎಳೆಯ ತುದಿ ಹುಡುಕಿ ಹುಡುಕಿ
ಬೆರಳೆಲ್ಲ ಬಿಳಿಚಿ, ನೆರಿಗೆಗಟ್ಟಿ,
ರೇಖೆಯೇ ಅಳಿಸಿಹೋಗಿದೆ.
ಠಾಣೆಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದ ಕಡತದಲ್ಲಿದೆ:
ಒಂದು ನೀಲಿ ಮಚ್ಚೆ, ಅಷ್ಟೇ.

ದೂರು: ಇನಾಯತ್ ಸಾಬರ ಫಿಲೇಚರಿನ ಬೀಗ ಮೀಟಿ
ಆರು ಕೆ.ಜಿ. ಗೂಡನ್ನು ಬ್ಲೇಡಿನಿಂದ ಸೀಳಿದ್ದು.
ಕೆ.ಜಿ.ಗೆ ಆರುನೂರು ಗೂಡು, ಲೆಕ್ಕ ನೀವೇ ಹಾಕಿ.
ತಡೆಯಲು ಬಂದ ವಾಚ್‌ಮನ್ನನ ಅಂಗೈಗೆ ನಾಲ್ಕು ಹೊಲಿಗೆ.
ಬೆಳಿಗ್ಗೆ ಪೊಲೀಸರು ಕಂಡದ್ದು
ಒದ್ದೆ ಗೋಣಿಯ ಮೇಲೆ ಸಾಲು ಸಾಲಾಗಿ ಮಲಗಿಸಿದ ಹುಳು,
ಮೇಲೆ ಹೊದಿಸಿದ ಅವಳದೇ ಸೀರೆಯ ಸೆರಗು.
ಮಹಜರಿನಲ್ಲಿ ಸೆರಗಿನ ಬಣ್ಣ ಬರೆದಿದ್ದಾರೆ,
ಹುಳು ಬದುಕಿದ್ದವೇ ಎಂದು ಬರೆದಿಲ್ಲ.

ಮೇಡಂ ಕೇಳಿದರು: ನಿಮ್ಮ ಮೇಲೆ ಏನು ಕೇಸು, ಗೊತ್ತಾ?
ಇವರು ನಿಮ್ಮ ಪರ ವಕೀಲರು, ಗುರುತಿದೆಯಾ?
ಇವತ್ತು ಯಾವ ವಾರ?

‘ಲೋಪಲ್ನಿಂಚಿ ತಟ್ತಾ ಉಂಡಾಯಮ್ಮಾ.’

ಒಳಗಿಂದ ತಟ್ಟುತ್ತಿವೆ ಅನ್ನುತ್ತಾಳೆ, ಎಂದು ನಾನು ಕನ್ನಡಕ್ಕೆ ತಂದೆ.
ತಟ್ಟುತ್ತಿದ್ದವಾ, ತಟ್ಟುತ್ತಿವೆಯಾ?
ಸರಿಯಾಗಿ ಹೇಳಿ, ಎಂದರು ಮೇಡಂ, ಕನ್ನಡಕ ತೆಗೆದು.
ನಾನು ಕೇಳಿದೆ.
‘ಉಂಡಾಯಿ,’ ಎಂದಳು,
ನನ್ನನ್ನಲ್ಲ, ಕಡತ ತುಂಬಿದ ಬೀರುವನ್ನು ನೋಡುತ್ತ.

ಆದೇಶ ಬರೆದುಕೊಳ್ಳಿ.
ಕಲಂ ಮುನ್ನೂರ ಇಪ್ಪತ್ತೆಂಟು… ಅಲ್ಲ, ಅದು ಹಳೆಯದು,
ಈಗ ಮುನ್ನೂರ ಅರವತ್ತೇಳು.
ಕಾನೂನಿಗೆ ಹೊಸ ನಂಬರು ಬಂದಿದೆ, ಬೆರಳಿಗೆ ಇನ್ನೂ ತಲುಪಿಲ್ಲ.
ಮೊದಲು ಚಿಕ್ಕಬಳ್ಳಾಪುರ ಜಿಲ್ಲಾ ಆಸ್ಪತ್ರೆ,
ಅವರು ಹೇಳಿದರೆ ಅಲ್ಲಿಂದ ನಿಮ್ಹಾನ್ಸ್,
ಪರೀಕ್ಷಿಸಿ ವರದಿ, ಮುಂದಿನ ದಿನಾಂಕ ಹತ್ತೊಂಬತ್ತು.
ಇದು ಶಿಕ್ಷೆ ಅಲ್ಲಮ್ಮ, ಎಂದರು ಮೇಡಂ ಎರಡು ಸಲ,
ಬಿಜಾಪುರದ ಕಡೆಯವರು, ನಿಧಾನವಾಗಿ ಹೇಳಿದರೆ
ಕನ್ನಡವೇ ತೆಲುಗಾಗುತ್ತದೆ ಎಂಬಂತೆ.

‘ಆರೋಪಿಯ ಬುದ್ಧಿಯು ಸ್ವಾಧೀನದಲ್ಲಿ’
ಎಂದು ಬರೆದು ನಿಂತೆ.
ಯಾರ ಸ್ವಾಧೀನದಲ್ಲಿ?
ಜಮೀನಾದರೆ ಕೇಳುತ್ತೇವೆ: ಪಹಣಿ ಎಲ್ಲಿ, ಕಂದಾಯ ಕಟ್ಟಿದ್ದು ಯಾರು,
ಒತ್ತುವರಿ ಯಾವಾಗಿಂದ?
ಚಕ್ಕುಬಂದಿ ಇಲ್ಲದೆ ಇಲ್ಲಿ ಒಂದು ಬಚ್ಚಲೂ ದಾಖಲಾಗುವುದಿಲ್ಲ.
ಪೂರ್ವಕ್ಕೆ ಸೌದೆ ಒಲೆ,
ಪಶ್ಚಿಮಕ್ಕೆ ಬೋಗುಣಿಯ ಹಬೆ,
ಉತ್ತರಕ್ಕೆ ಬೆಳಿಗ್ಗೆ ಐದರಿಂದ ತಿರುಗುವ ರಾಟೆ.
ದಕ್ಷಿಣಕ್ಕೆ ಏನಿತ್ತೋ.
ಅದನ್ನು ಅಳೆಯಲಿಕ್ಕೇ ಕಳಿಸುತ್ತಿದ್ದಾರೆ ಅಂದುಕೊಂಡೆ.

ಹಿಂದಿನ ಬೆಂಚಿನಿಂದ ಇನಾಯತ್ ಸಾಬರು ಎದ್ದರು.
ಸ್ವಾಮಿ, ಅವಳ ಒಂದು ವಾರದ ಬಟವಾಡೆ ನನ್ನ ಹತ್ತಿರ ಉಳಿದಿದೆ.
ಯಾರ ಕೈಗೆ ಕೊಡಲಿ?
ಅದು ಈ ಪ್ರಕರಣದ ವಿಷಯವಲ್ಲ, ಎಂದರು ಸರ್ಕಾರಿ ವಕೀಲರು.
ಸಾಬರು ನೋಟನ್ನು ಮಡಿಸಿ ಮತ್ತೆ ಜೇಬಿಗೆ ಹಾಕಿಕೊಂಡರು,
ಕೂರಲಿಲ್ಲ.

ಪ್ರಿಂಟು ತೆಗೆಯುವ ಮುನ್ನ ಓದಿ ನೋಡಿದೆ.
ನಾನು ಯೋಚಿಸುತ್ತಿದ್ದಾಗ ಬೆರಳು ತನ್ನ ಪಾಡಿಗೆ ಮುಗಿಸಿತ್ತು:
ಸದರಿ ಅಶ್ವತ್ಥಮ್ಮನು ತನ್ನ ಬುದ್ಧಿಯ
ಶಾಂತಿಯುತ ಸ್ವಾಧೀನಾನುಭವದಲ್ಲಿ ಇರುತ್ತಾರೆ.

ಒಂದೊಂದೇ ಅಕ್ಷರ ಅಳಿಸಿದೆ, ಹಿಂದಿನಿಂದ.
ಮಹಿಳಾ ಪೇದೆ ಬಾಗಿಲಲ್ಲಿ ಗಡಿಯಾರ ನೋಡುತ್ತಿದ್ದಳು,
ನಾಲ್ಕೂವರೆಯ ಬಸ್ಸು ತಪ್ಪಿದರೆ ಜಿಲ್ಲಾಸ್ಪತ್ರೆಯಲ್ಲಿ ಡಾಕ್ಟರು ಸಿಗುವುದಿಲ್ಲವಂತೆ.
ಮೊಹರು ಒತ್ತಿದೆ.
ಪಕ್ಕದಲ್ಲಿ ನಿಂತ ಅಶ್ವತ್ಥಮ್ಮ
ಮೇಜಿನ ಮೇಲೆ ಕಿವಿಯಿಟ್ಟು
ಆ ಸದ್ದು ಎಲ್ಲಿಂದ ಬಂತೆಂದು ಆಲಿಸಿದಳು.